ಮಂಗಳವಾರದ ಬೆಂಚಿನ ಐದು ಜನ: ಇದನ್ನು ಗುಂಪು ಮಾಡೋಣವೋ, ಹೀಗೇ ಬಿಡೋಣವೋ?

ಮಂಗಳವಾರದವನು · ಬುಧವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನಗೆ ಬೈಪೋಲಾರ್ ಕಾಯಿಲೆ, ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯುವಂಥದ್ದು. ಗೊತ್ತಾಗಿ ಒಂಬತ್ತು ವರ್ಷ ಆಯ್ತು. ಎರಡು ಸಲ ಅಡ್ಮಿಟ್ ಆಗಿದ್ದೇನೆ. ಈಗ ನಾಲ್ಕು ವರ್ಷದಿಂದ ಲಿಥಿಯಂ ನುಂಗಿಕೊಂಡು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದುಕೊಂಡು ಇದ್ದೇನೆ. ಊರು ದಾವಣಗೆರೆ ಕಡೆ. ಅದಕ್ಕಿಂತ ಜಾಸ್ತಿ ಹೇಳಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ, ನಿಮ್ಮ ತಾಲ್ಲೂಕಲ್ಲೂ ಇರಬಹುದು. ಚೀಟಿ ಮಾಡಿಸಿಕೊಂಡು ಕಾರಿಡಾರಿನ ಕೊನೆಯಲ್ಲಿರುವ ಸಿಮೆಂಟ್ ಬೆಂಚಿನ ಮೇಲೆ ಕೂರಬೇಕು. ಪಕ್ಕದಲ್ಲೇ ಡ್ರೆಸ್ಸಿಂಗ್ ರೂಮು. ನಮ್ಮ ಸರದಿ ಬರುವ ಹೊತ್ತಿಗೆ ಹನ್ನೆರಡು ಹೊಡೆದಿರುತ್ತದೆ. ಮೊದಲ ವರ್ಷ ನಾನು ಅಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದೆ. ಊರವರು ಕಂಡರೆ "ಬಿ.ಪಿ. ಚೆಕಪ್ಪಿಗೆ ಬಂದೆ" ಅನ್ನೋದಕ್ಕೆ ಬಾಯಿ ರೆಡಿ ಇರುತ್ತಿತ್ತು.

ಒಂದು ಮಂಗಳವಾರ ಪಕ್ಕದಲ್ಲಿ ಒಬ್ಬರು ಟೈಲರ್ ಕೂತಿದ್ದರು. ಅರವತ್ತು ದಾಟಿದವರು. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅನ್ನೋ ನನ್ನ ಲ್ಯಾಬ್ ರಿಪೋರ್ಟಿಗೆ ಇಣುಕಿ, "ರಕ್ತ ಕೊಟ್ಟ ದಿನ ಬೆಳಿಗ್ಗೆ ಮಾತ್ರೆ ನುಂಗಿ ಹೋಗಿದ್ರೇನು?" ಅಂದರು. ಹೌದು ಅಂದೆ. "ಹಂಗಾದ್ರೆ ಜಾಸ್ತಿನೇ ತೋರಿಸುತ್ತೆ. ರಾತ್ರಿ ನುಂಗಿ ಹನ್ನೆರಡು ತಾಸು ಬಿಟ್ಟು ಕೊಡಬೇಕು. ಒಳಗೆ ಹೋದಾಗ ಡಾಕ್ಟರಿಗೆ ಇದನ್ನ ಹೇಳು" ಅಂದರು. ಡಾಕ್ಟರು ಮೊದಲೇ ನನಗೆ ತಿಳಿಸಿದ್ದಿರಬಹುದು, ಆಗ ನನ್ನ ತಲೆಗೆ ಏನೂ ಹೋಗುತ್ತಿರಲಿಲ್ಲ. ಹೇಳಿದೆ. ಮತ್ತೆ ಟೆಸ್ಟ್ ಮಾಡಿಸಿದರು. ಲೆವೆಲ್ ಸರಿಯಾಗೇ ಇತ್ತು. ಇಲ್ಲದಿದ್ದರೆ ಆವತ್ತು ಡೋಸ್ ಇಳಿಯುತ್ತಿತ್ತು.

ಅವರಿಗೂ ಲಿಥಿಯಂ. ನನ್ನ ಹಾಗೆ ಕೈ ನಡುಗುತ್ತದೆ. "ಸೂಜಿಗೆ ದಾರ ಹೆಂಗೆ ಪೋಣಿಸ್ತೀರಿ?" ಅಂತ ಕೇಳಿದೆ. "ಮೊಮ್ಮಗಳು ಸ್ಕೂಲಿಗೆ ಹೋಗೋ ಮುಂಚೆ ಇಪ್ಪತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗ್ತಾಳೆ" ಅಂದರು. ಅದನ್ನು ಕೇಳಿ ನನಗೆ ಯಾಕೋ ಭಾರಿ ಸಮಾಧಾನ ಆಯ್ತು. ಒಂಬತ್ತು ವರ್ಷದಲ್ಲಿ ಯಾರ ಮಾತಿಗೂ ಅಷ್ಟು ಸಮಾಧಾನ ಆಗಿರಲಿಲ್ಲ.

ಈಗ ನಾವು ಐದು ಜನ. ಟೈಲರ್, ನಾನು, ಹೆರಿಗೆ ಆದಮೇಲೆ ಖಿನ್ನತೆಗೆ ಬಿದ್ದು ಎದ್ದ ಒಬ್ಬರು ಅಂಗನವಾಡಿ ಸಹಾಯಕಿ, ಒಬ್ಬರು ರಿಟೈರ್ಡ್ ಕಂಡಕ್ಟರು, ಬಿ.ಕಾಂ. ಅರ್ಧಕ್ಕೆ ಬಿಟ್ಟ ಒಬ್ಬ ಹುಡುಗ. ಹುಡುಗನಿಗೆ ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ಮಾತು ಕೇಳಿಸುತ್ತದೆ. ಅವನು ಹೆಚ್ಚು ಮಾತಾಡಲ್ಲ, ಆದರೆ ಒಂದು ವಾರವೂ ತಪ್ಪಿಸಲ್ಲ. ಔಷಧಿ ತಿಂಗಳಿಗೊಮ್ಮೆ ಸಿಕ್ಕರೂ ನಾವು ವಾರ ವಾರ ಬರುತ್ತೇವೆ. ಆಮೇಲೆ ಎದುರಿನ ಹೋಟೆಲಲ್ಲಿ ಬೈಟೂ ಟೀ.

ಈಗ ಆಸ್ಪತ್ರೆಯ ಸಿಸ್ಟರ್ ಒಬ್ಬರು "ಚೆನ್ನಾಗಿದೆ, ಇದಕ್ಕೊಂದು ಹೆಸರಿಡಿ, ಸಂಘ ಮಾಡಿ, ಬೋರ್ಡ್ ಹಾಕೋಣ" ಅಂತಿದ್ದಾರೆ. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಟೈಲರ್ ಮಾತ್ರ "ಬೋರ್ಡ್ ಹಾಕಿದ ದಿನದಿಂದ ನಾನು ಬರಲ್ಲ" ಅಂದುಬಿಟ್ಟರು. ಇಂಥದ್ದು ನಡೆಸಿದವರು, ನೋಡಿದವರು ಇದ್ದರೆ ಹೇಳಿ. ಏನು ಮಾಡೋಣ?

---

ಗುಬ್ಬಚ್ಚಿ · 9:24

ಬೋರ್ಡ್ ಬೇಡವೇ ಬೇಡ. ಸಂಘ ಅಂದರೆ ಅಧ್ಯಕ್ಷರು ಬೇಕು. ಅಧ್ಯಕ್ಷರು ಬಂದರೆ ಉಪಾಧ್ಯಕ್ಷರಿಗೆ ಮುನಿಸು ಬರುತ್ತೆ. ಆಮೇಲೆ ಶಾಲು, ಹಾರ. ಟೈಲರ್ ಅಜ್ಜನ ಮಾತು ಕೇಳಿ.

---

ಶಿವಮೊಗ್ಗದಮ್ಮ · 10:02

ನಾನು ಕಾಯಿಲೆಯವಳಲ್ಲ, ಕಾಯಿಲೆಯವನ ತಾಯಿ. ಬರೆಯಬಹುದಾ ಅಂತ ಯೋಚಿಸಿ ಬರೀತಿದ್ದೇನೆ.

ನನ್ನ ಮಗನಿಗೆ ಸ್ಕಿಜೋಫ್ರೇನಿಯಾ (ಇಲ್ಲದ್ದು ಕಾಣುವ, ಕೇಳಿಸುವ ಮನೋರೋಗ), ಶುರುವಾಗಿ ಹದಿನಾಲ್ಕು ವರ್ಷ. ಬೇರೆ ಔಷಧಿ ಹಿಡಿಯದೆ ಕ್ಲೋಜಪಿನ್ ಶುರು ಮಾಡಿದರು. ಮೊದಲ 18 ವಾರ ವಾರಕ್ಕೊಂದು ಸಲ ರಕ್ತ ಪರೀಕ್ಷೆ, ಬಿಳಿ ರಕ್ತಕಣ ಕಡಿಮೆ ಆಗುತ್ತಾ ಅಂತ ನೋಡೋಕೆ. ಅದನ್ನೆಲ್ಲ ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ರಾತ್ರಿ ಜೊಲ್ಲು ಸುರಿದು ದಿಂಬು ಪೂರ್ತಿ ಒದ್ದೆಯಾಗುತ್ತೆ ಅನ್ನೋದನ್ನು ನಾನು ಕೇಳಿರಲಿಲ್ಲ. ಅವನು ಮೂವತ್ತರ ಗಂಡಸು. ನಾಚಿಕೆಗೆ ದಿಂಬಿನ ಕವರ್ ತಾನೇ ಬಚ್ಚಲಲ್ಲಿ ಅಡಗಿಸಿಡುತ್ತಿದ್ದ. ರಕ್ತ ಕೊಡುವ ಸಾಲಿನಲ್ಲಿ ಸಿಕ್ಕ ಇನ್ನೊಬ್ಬ ತಾಯಿ ಕೇಳಿದರು, "ನಿಮ್ಮ ಮಗನಿಗೂ ದಿಂಬು ಒದ್ದೆ ಆಗುತ್ತಾ? ನಾನು ದಿಂಬಿನ ಮೇಲೆ ಹಳೇ ಟವೆಲ್ ಹಾಸ್ತೀನಿ. ಡಾಕ್ಟರಿಗೂ ಹೇಳಿ, ಅದಕ್ಕೂ ಔಷಧಿ ಇದೆಯಂತೆ." ಮನೆಗೆ ಬಂದು ಮಗನಿಗೆ ಇಷ್ಟೇ ಹೇಳಿದೆ: "ಎಲ್ಲರಿಗೂ ಆಗುತ್ತಂತೆ ಕಣೋ." ಅವನು ಮುಖ ಆ ಕಡೆ ತಿರುಗಿಸಿಕೊಂಡ. ಆದರೆ ಮಾರನೇ ದಿನದಿಂದ ಕವರ್ ಅಡಗಿಸಲಿಲ್ಲ.

ಇನ್ನೊಂದು. ಅವನು ಸ್ನಾನ ಮಾಡಲ್ಲ, ಸುಮ್ನೆ ಗೋಡೆ ನೋಡ್ತಾ ಕೂರ್ತಾನೆ ಅಂತ ವರ್ಷಗಟ್ಟಲೆ "ಸೋಮಾರಿ" ಅಂತ ಬೈದಿದ್ದೇನೆ. ಅದೂ ಕಾಯಿಲೆಯ ಭಾಗ, ಮದ್ದಿಗೆ ಬೇಗ ಬಗ್ಗದ ಭಾಗ ಅಂತ ಡಾಕ್ಟರು ಹೇಳಿದ್ದರು. ನಂಬಿರಲಿಲ್ಲ. ಆ ತಾಯಿ "ನಾನೂ ಹಂಗೇ ಬೈದೆ, ಆರು ವರ್ಷ" ಅಂದಾಗ ನಂಬಿದೆ. ಯಾಕೆ ಹೀಗೆ ಅಂತ ಗೊತ್ತಿಲ್ಲ. ಡಾಕ್ಟರ ಮಾತಲ್ಲಿ ತಪ್ಪಿರಲಿಲ್ಲ.

ನಿಮ್ಮ ಬೆಂಚಿನಲ್ಲಿ ನಮ್ಮಂಥವರಿಗೂ ಜಾಗ ಇದೆಯಾ? ಇಲ್ಲ, ನಾವು ಬೇರೆ ಕೂರಬೇಕಾ?

---

ಕಹಿಬೇವು · 10:40

ಎಲ್ಲರೂ ಹೊಗಳ್ತಾ ಇದ್ದೀರಿ, ನಾನು ಸ್ವಲ್ಪ ಕಹಿ ಹೇಳ್ತೀನಿ.

ನನ್ನ ತಂಗಿಗೆ ಬೈಪೋಲಾರ್. ಹುಷಾರಾಗಿದ್ದಳು, ಕೆಲಸಕ್ಕೆ ಹೋಗ್ತಿದ್ದಳು. ಯಾರೋ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು, "ನಮ್ಮಂಥವರದೇ ಗುಂಪು" ಅಂತ. ಅಲ್ಲೊಬ್ಬ ಹಿರಿಯ ಸದಸ್ಯ. ತಾನು ಮಾತ್ರೆ ಬಿಟ್ಟು ಮೂರು ವರ್ಷ ಆಯ್ತು, ಪ್ರಾಣಾಯಾಮ ಮತ್ತು ಮನೋಬಲ ಸಾಕು ಅಂತ ದಿನಾ ಬರೆಯೋನು. ಡಾಕ್ಟರು ಹೇಳಿದ್ದರೆ ಅವಳು ನಾಲ್ಕು ಸಲ ಯೋಚಿಸ್ತಿದ್ದಳು. ಇವನು "ನಮ್ಮವನು", ಅದಕ್ಕೆ ನಂಬಿದಳು. ಎರಡು ತಿಂಗಳಲ್ಲಿ ನಿದ್ದೆ ಹೋಯ್ತು, ಸಾಲ ಮಾಡಿ ಮೂರು ಮೊಬೈಲ್ ತಂದಳು, ಆಮೇಲೆ ನಡುರಾತ್ರಿ ಅಡ್ಮಿಶನ್. ಕೆಲಸ ಹೋಯ್ತು. ಆ ಮನುಷ್ಯ ಗುಂಪಲ್ಲಿ ಬರೆದಿದ್ದೇನು ಗೊತ್ತಾ? "ಅವರಿಗೆ ಮನೋಬಲ ಸಾಲಲಿಲ್ಲ."

ಒಬ್ಬನ ಅನುಭವ ಒಬ್ಬನದೇ. ನಿಮ್ಮ ಟೈಲರ್ ಹೇಳಿದ್ದು ಸರಿಯಾಗಿತ್ತು, ನಿಮ್ಮ ಅದೃಷ್ಟ. ತಪ್ಪಾಗಿದ್ದರೆ?

---

ಮಂಗಳವಾರದವನು · 11:05

@ಕಹಿಬೇವು, ನಿಮ್ಮ ತಂಗಿಗೆ ಆಗಿದ್ದು ಓದಿ ಹೊಟ್ಟೆ ಕಿವುಚಿದಂತಾಯ್ತು. ಮೂರು ಮೊಬೈಲ್ ಅಂದ್ರಲ್ಲ, ನಾನು ಎರಡು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರಿಗೆ ಅಡ್ವಾನ್ಸ್ ಕೊಟ್ಟಿದ್ದವನು. ನಮಗೆ ಗದ್ದೆಯೇ ಇಲ್ಲ.

ಆದರೆ ಒಂದು ವ್ಯತ್ಯಾಸ ಇದೆ ನೋಡಿ. ಟೈಲರ್ ನನಗೆ "ಮಾತ್ರೆ ಹೆಚ್ಚಿಸು, ಇಳಿಸು" ಅನ್ನಲಿಲ್ಲ. "ಡಾಕ್ಟರಿಗೆ ಇದನ್ನ ಹೇಳು" ಅಂದರು. ಹೋದ ತಿಂಗಳು ಬೆನ್ನುನೋವಿಗೆ ಮೆಡಿಕಲ್ ಶಾಪಿನಿಂದ ಬ್ರೂಫೆನ್ ತರೋಕೆ ಹೊರಟಿದ್ದೆ. ಆಗಲೂ ಅಷ್ಟೇ: "ಅದರಿಂದ ಲಿಥಿಯಂ ಏರುತ್ತಂತೆ, ಕೇಳದೆ ತಗೋಬೇಡ." ನಮ್ಮ ಬೆಂಚಿನಿಂದ ಎದ್ದವನು ಡಾಕ್ಟರ ಬಾಗಿಲಿಗೆ ಹೋಗ್ತಾನೆ, ಕೈಯಲ್ಲೊಂದು ಪ್ರಶ್ನೆ ಹಿಡಿದುಕೊಂಡು. ಆ ವಾಟ್ಸಾಪ್ ಮನುಷ್ಯ ನಿಮ್ಮ ತಂಗಿಯನ್ನು ಆ ಬಾಗಿಲಿಂದಲೇ ವಾಪಸ್ ಕಳಿಸಿದ. ಎರಡೂ ಒಂದೇ ಅಂತ ನನಗೆ ಅನಿಸಲ್ಲ.

@ಶಿವಮೊಗ್ಗದಮ್ಮ, ಬೆಂಚು ಉದ್ದ ಇದೆ ಅಮ್ಮ. ಹುಡುಗನ ಅಪ್ಪ ಮೊದಮೊದಲು ಬರುತ್ತಿದ್ದರು. ಅವರು ಕೂತಾಗ ಹುಡುಗ ಬಾಯಿ ಬಿಡುತ್ತಿರಲಿಲ್ಲ ಅನ್ನೋದೂ ನಿಜ.

---

ಧಾರವಾಡದ ಪೇಡೆ · ಗುರುವಾರ, ಬೆಳಿಗ್ಗೆ 6:48

ಸಂಘ ಬ್ಯಾಡ ಅಂತ ನಾನೂ ಹೇಳತೀನ್ರಿ. ನಾ ಎ.ಎ.ದವ, ಅಂದ್ರ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಗುಂಪು. ಕುಡಿಯೂದು ಬಿಟ್ಟು ಹನ್ನೊಂದು ವರ್ಷ ಆತು.

ನಮ್ಮದು ಶುರು ಆಗಿದ್ದೇ ಹಿಂಗ. 1935ರಾಗ ಅಮೆರಿಕದ ಆಕ್ರನ್ ಅನ್ನೂ ಊರಾಗ ಒಬ್ಬ ಶೇರು ವ್ಯಾಪಾರದವ, ಒಬ್ಬ ಸರ್ಜನ್ ಡಾಕ್ಟರ್, ಇಬ್ಬರೂ ಕುಡುಕರು, ಕೂತು ಮಾತಾಡಿದರು. ಒಬ್ಬ ಇನ್ನೊಬ್ಬಗ ಬುದ್ಧಿ ಹೇಳಲಿಲ್ಲ, ತನ್ನ ಕತಿ ಹೇಳಿದ. ಇವತ್ತಿಗೂ ಅಷ್ಟೇ ನಡದದ. ಅಧ್ಯಕ್ಷ ಇಲ್ಲ, ಪಟ್ಟಿ ಇಲ್ಲ, ಹೊರಗಿನವರ ರೊಕ್ಕ ಮುಟ್ಟೂದಿಲ್ಲ. ಟೋಪಿ ತಿರಗತದ, ಇದ್ದವರು ಚಾದ ರೊಕ್ಕ ಹಾಕತಾರ.

ಒಂದು ಮಾತ್ರ ಖರೇ. ಕುಡಿತಕ್ಕ ಆಗಿದ್ದೆಲ್ಲಾ ನಿಮಗೂ ಆಗತದ ಅನಕೋಬ್ಯಾಡ್ರಿ. ನಮ್ಮದು ಬಿಡೂ ಕತಿ. ನಿಮ್ಮದು ಮಾತ್ರೆ ಬಿಡದಂಗ ಇರೂ ಕತಿ. ನಮ್ಮೊಳಗೂ ಕೆಲವರು ಹುರುಪಿನಾಗ "ಡಿಪ್ರೆಶನ್ ಗುಳಗಿನೂ ನಶಾನೇ" ಅಂದುಬಿಡತಾರ. ಸದಸ್ಯರು ಯಾರೂ ಡಾಕ್ಟರಕಿ ಮಾಡಬಾರದು ಅಂತ ನಮ್ಮ ಪುಸ್ತಿಕೆಯಾಗನ ಅದ. ಕಹಿಬೇವು ಅವರ ಸಿಟ್ಟು ಬರೋಬ್ಬರಿ ಅದರಿ.

---

ಲೆಸ್ಟರ್ ಲೀಲಾ · ಗುರುವಾರ, ಮಧ್ಯಾಹ್ನ 3:30

ನಾನು ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಹುದ್ದೆಯ ಹೆಸರೇ ಪೀರ್ ಸಪೋರ್ಟ್ ವರ್ಕರ್. ಸಂಬಳ ಇದೆ. ಅರ್ಹತೆ ಏನು ಅಂದರೆ ನಿಮಗೆ ಆ ಕಾಯಿಲೆ ಬಂದು ಹೋಗಿರಬೇಕು, ಇಲ್ಲವೇ ಜೊತೆಗೇ ಬದುಕುತ್ತಿರಬೇಕು. ನನ್ನ ಅಮ್ಮನಿಗೆ ಇದನ್ನು ಅರ್ಥ ಮಾಡಿಸೋಕೆ ಎರಡು ವರ್ಷ ಬೇಕಾಯ್ತು. "ಹುಚ್ಚು ಹಿಡಿದಿದ್ದಕ್ಕೆ ಕೆಲಸ ಕೊಟ್ರಾ?" ಅಂದರು. ಹೂಂ ಅಮ್ಮ ಅಂದೆ.

ಇದರಿಂದ ಏನು ಉಪಯೋಗ ಅಂತ ಅಳೆದು ನೋಡಿದ್ದಾರೆ. 2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನನಗೆ ಇಷ್ಟ. ತುರ್ತು ಚಿಕಿತ್ಸೆ ಮುಗಿಸಿದ 441 ಜನರನ್ನು ಎರಡು ಪಾಲು ಮಾಡಿದರು. ಚೇತರಿಕೆಯ ಬಗ್ಗೆ ಒಂದು ವರ್ಕ್‌ಬುಕ್ಕನ್ನು ಒಂದು ಪಾಲಿನವರಿಗೆ ಪೋಸ್ಟಿನಲ್ಲಿ ಕಳಿಸಿದರು. ಇನ್ನೊಂದು ಪಾಲಿನವರಿಗೆ ಅದೇ ಪುಸ್ತಕದ ಜೊತೆ ನನ್ನಂಥ ಒಬ್ಬರು ಹತ್ತು ಸಲದವರೆಗೆ ಹೋಗಿ ಕೂತರು. ವರ್ಷದೊಳಗೆ ಮತ್ತೆ ತುರ್ತು ಚಿಕಿತ್ಸೆಗೆ ಬಂದವರು ಪುಸ್ತಕದವರಲ್ಲಿ 38%, ಜೊತೆಗೆ ಜನ ಇದ್ದವರಲ್ಲಿ 29%. ಪವಾಡವೇನಲ್ಲ. ಎಲ್ಲ ಅಧ್ಯಯನದಲ್ಲೂ ಇಷ್ಟು ಚೆನ್ನಾಗಿ ಬಂದಿಲ್ಲ ಅನ್ನೋದನ್ನೂ ಹೇಳಬೇಕು. ಭರವಸೆ ಹೆಚ್ಚುತ್ತೆ, ಕಾಯಿಲೆಯ ಲಕ್ಷಣ ಅಷ್ಟೇನೂ ಇಳಿಯಲ್ಲ ಅನ್ನುವಂಥವೂ ಇವೆ.

ತರಬೇತಿಯಲ್ಲಿ ನನಗೆ ಕಷ್ಟ ಆಗಿದ್ದು ಒಂದೇ: ನನ್ನ ಕಥೆ ಎಷ್ಟು ಹೇಳಬೇಕು? ಶುರುವಿನಲ್ಲಿ ಎಲ್ಲರಿಗೂ ಪೂರ್ತಿ ಹೇಳುತ್ತಿದ್ದೆ. ಒಬ್ಬಾಕೆ ಕೊನೆಗೆ "ಪಾಪ, ನಿನಗೆ ಎಷ್ಟು ಕಷ್ಟ" ಅಂತ ನನಗೇ ಟೀ ಮಾಡಿ ಕೊಟ್ಟಳು. ಆವತ್ತು ಬುದ್ಧಿ ಬಂತು. ಈಗ ಎರಡು ವಾಕ್ಯ ಹೇಳ್ತೀನಿ, ಆಮೇಲೆ ಬಾಯಿ ಮುಚ್ಚಿ ಕೂರ್ತೀನಿ.

---

ಕಹಿಬೇವು · 3:52

ದೂರದ ಬೆಟ್ಟ ನುಣ್ಣಗೆ ಮೇಡಂ. ನಿಮಗೆ ಸಂಬಳ, ತರಬೇತಿ, ಮೇಲೆ ನೋಡಿಕೊಳ್ಳೋಕೆ ಒಬ್ಬ ಸೂಪರ್‌ವೈಸರ್. ಇಲ್ಲಿ? ಬೈಟೂ ಟೀ.

---

ಲೆಸ್ಟರ್ ಲೀಲಾ · 4:15

ಒಪ್ಪಿದೆ. ಆದರೆ ಬೆಟ್ಟ ಅಷ್ಟೇನೂ ದೂರ ಇಲ್ಲ. ಅಹಮದಾಬಾದಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಚೇತರಿಸಿಕೊಂಡವರಿಗೇ ತರಬೇತಿ ಕೊಟ್ಟು, ಬೇರೆ ರೋಗಿಗಳ ಜೊತೆಗಾರರನ್ನಾಗಿ ಮಾಡಿದ್ದಾರೆ.

ಸೂಪರ್‌ವೈಸರ್ ವಿಷಯ ಮಾತ್ರ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಬೇರೆಯವರ ನೋವು ಕೇಳಿ ಮನೆಗೆ ಬಂದರೆ ನನ್ನದು ಎದ್ದು ಕೂರುತ್ತೆ. ಅದನ್ನು ಇಳಿಸೋಕೆ ಒಬ್ಬರು ಬೇಕು. @ಮಂಗಳವಾರದವನು, ನಿಮ್ಮ ಟೈಲರ್ ತಮ್ಮ ಭಾರ ಯಾರ ಹತ್ತಿರ ಇಳಿಸ್ತಾರೆ, ಕೇಳಿದ್ದೀರಾ?

---

ಮಂಗಳವಾರದವನು · 4:31

ಕೇಳಿಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ.

---

ಬಿಳಿ ಸೀರೆ · ಗುರುವಾರ, ರಾತ್ರಿ 8:20

ನಾನು ನಿವೃತ್ತ ನರ್ಸ್. ಮನೋರೋಗ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದೇನೆ. ಯಾರೂ ದಯವಿಟ್ಟು ಇಲ್ಲಿ ವಚನ ಹಾಕಬೇಡಿ, ಹಾಕೋರು ರೆಡಿ ಇದ್ದೀರಿ ಅಂತ ಗೊತ್ತು.

ಕೆಲಸಕ್ಕೆ ಸೇರಿದಾಗ ನಮಗೆ ಅಮೃತಸರದ ಡಾ. ವಿದ್ಯಾ ಸಾಗರ್ ಅವರ ಬಗ್ಗೆ ಹೇಳುತ್ತಿದ್ದರು. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಅಂಗಳದಲ್ಲೇ ಟೆಂಟ್ ಹಾಕಿಸಿ, ರೋಗಿಯ ಮನೆಯವರನ್ನು ಜೊತೆಗೆ ಉಳಿಸಿಕೊಂಡರು. ಮನೆಯವರು ಕಾಯಿಲೆ ಏನೆಂದು ಕಲಿತರು, ರೋಗಿಗಳು ಬೇಗ ಮನೆಗೆ ಹೋದರು. ನಮ್ಮ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗೆ ಉಳಿಯುವ ಪದ್ಧತಿ ಇದೆ. ವಾರ್ಡಿನಲ್ಲಿ ನಾನು ಕಂಡದ್ದು ಏನು ಅಂದರೆ, ರಾತ್ರಿ ರೌಂಡ್ಸ್ ಮುಗಿದ ಮೇಲೆ ಒಂದು ಮನೆಯವರು ಇನ್ನೊಂದು ಮನೆಯವರಿಗೆ ಉಪ್ಪಿನಕಾಯಿ ಕೊಡುತ್ತಾ ಮಾತಾಡುವುದು. ಅದನ್ನು ಯಾವ ಕೇಸ್ ಶೀಟಿನಲ್ಲೂ ಬರೆಯುವುದಿಲ್ಲ.

ಗುಂಪಿಗೆ ಬೋರ್ಡ್ ಬೇಡ. ಆದರೆ ಕಾನೂನು ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರಿವ್ಯೂ ಬೋರ್ಡ್ ಅಂತ, ರೋಗಿಗಳ ಹಕ್ಕು ಕಾಯುವ ಒಂದು ಮಂಡಳಿ ಇದೆ. ಅದರಲ್ಲಿ ಎರಡು ಜಾಗ ಕಾಯಿಲೆ ಇರುವವರಿಗೆ, ಆರೈಕೆ ಮಾಡುವವರಿಗೆ ಅಥವಾ ಅವರ ಸಂಘಟನೆಯವರಿಗೆ. ನಿಮ್ಮ ಕಂಡಕ್ಟರು ಅಲ್ಲಿ ಕೂರಬಹುದು, ಸುಮ್ನೆ ಹೇಳ್ತಿಲ್ಲ. ಅದೇ ಕಾಯ್ದೆಯಲ್ಲಿ ಮುಂಗಡ ನಿರ್ದೇಶನ ಅಂತಲೂ ಇದೆ. ಹುಷಾರಾಗಿರುವಾಗಲೇ "ನನಗೆ ಮತ್ತೆ ಜೋರಾದರೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಕೊಡಬೇಡಿ, ನನ್ನ ಪರವಾಗಿ ಇವರು ಮಾತಾಡಲಿ" ಅಂತ ಬರೆದು, ಸಾಕ್ಷಿ ಹಾಕಿಸಿ, ಬೋರ್ಡಿನಲ್ಲಿ ನೋಂದಾಯಿಸಬಹುದು. ಒಬ್ಬರೇ ಕೂತು ಬರೆಯೋಕೆ ಭಯ ಆಗುತ್ತೆ. ಐದು ಜನ ಟೀ ಕುಡೀತಾ ಬರೆಯಬಹುದು.

ಇನ್ನೊಂದು ಮಾತು, ಇದನ್ನು ಹಗುರ ಮಾಡಬೇಡಿ. ಯಾರಾದರೂ "ಬದುಕೋದು ಸಾಕು" ಅಂದರೆ ಐದು ಜನ ಸೇರಿ ಗುಟ್ಟಾಗಿ ಸಂಭಾಳಿಸೋಕೆ ಹೋಗಬೇಡಿ. ಅವರನ್ನು ಒಂಟಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಚಿನ ಮಾತು ಬೆಂಚಿನಲ್ಲೇ ಇರಬೇಕು ಅನ್ನೋ ನಿಯಮಕ್ಕೆ ಇದೊಂದೇ ವಿನಾಯಿತಿ. ಅದನ್ನು ಮೊದಲೇ ಎಲ್ಲರಿಗೂ ಹೇಳಿಡಿ.

---

ಹೆಸರಿಲ್ಲ22 · ಶುಕ್ರವಾರ, ಬೆಳಿಗ್ಗೆ 11:40

ಮೊದಲ ಸಲ ಬರೀತಿದ್ದೀನಿ. ನಮ್ಮೂರಲ್ಲಿ ಬೆಂಚು ಇಲ್ಲ. ಪ್ರೈವೇಟ್ ಡಾಕ್ಟರ್, ಎಲ್ಲರೂ ಬೇರೆ ಬೇರೆ ಟೈಮಿಗೆ ಬರ್ತಾರೆ, ಯಾರೂ ಯಾರನ್ನೂ ನೋಡಲ್ಲ.

ಹತ್ತು ತಿಂಗಳಾಯ್ತು. ರಾತ್ರಿ ಹನ್ನೊಂದಕ್ಕೆ ಓಲಾಂಜಪಿನ್ ತಗೊಳ್ತೀನಿ. ಬೆಳಿಗ್ಗೆ ಏಳೋಕೆ ಆಗಲ್ಲ. ಅದು ಕಾಯಿಲೆಯೋ ಮಾತ್ರೆಯೋ ನಾನೋ ಗೊತ್ತಾಗಲ್ಲ. ಎಂಟಕ್ಕೆ ಅಪ್ಪ ಬಂದು ಫ್ಯಾನ್ ಆಫ್ ಮಾಡ್ತಾರೆ. ಏನೂ ಮಾತಾಡಲ್ಲ. ಆಫ್ ಮಾಡಿ ಹೋಗ್ತಾರೆ ಅಷ್ಟೇ. ಇದನ್ನ ಯಾಕೆ ಇಲ್ಲಿ ಬರೆದೆ ಗೊತ್ತಿಲ್ಲ. ಸಾರಿ.

---

ಶಿವಮೊಗ್ಗದಮ್ಮ · 11:46

ಸಾರಿ ಯಾಕಪ್ಪಾ. ಆ ಫ್ಯಾನ್ ನಾನೂ ಆಫ್ ಮಾಡಿದ್ದೇನೆ. ಬಾಯಿ ಬಿಟ್ಟರೆ ಬೈದುಬಿಡ್ತೀನಿ ಅಂತ ಹೆದರಿ ಸುಮ್ಮನೆ ಸ್ವಿಚ್ ಒತ್ತಿ ಹೋಗುತ್ತಿದ್ದೆ. ನಿಮ್ಮಪ್ಪನ ಮನಸ್ಸಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನನ್ನ ಮನಸ್ಸಲ್ಲಿ ಇದ್ದದ್ದು ಭಯ.

---

ಮಂಗಳವಾರದವನು · 12:15

ತಮ್ಮಾ (ತಂಗಿಯಾಗಿದ್ದರೆ ತಂಗಿ), ನಾನೂ ಮೊದಲು ಅದೇ ಮಾತ್ರೆ ತಗೊಳ್ತಿದ್ದೆ. ಹತ್ತು ಗಂಟೆವರೆಗೂ ತಲೆ ಮೇಲೆ ಕಂಬಳಿ ಹೊದಿಸಿದ ಹಾಗೆ ಇರುತ್ತಿತ್ತು. ನನ್ನ ಡಾಕ್ಟರು ಮಾತ್ರೆಯನ್ನು ರಾತ್ರಿ ಇನ್ನೂ ಬೇಗ ತಗೊಳ್ಳೋಕೆ ಹೇಳಿದರು, ಸ್ವಲ್ಪ ಸರಿಯಾಯ್ತು. ನಿಮಗೆ ಅದೇ ಸರಿ ಅಂತ ನಾನು ಹೇಳಲ್ಲ. ಡಾಕ್ಟರಿಗೆ ಹೀಗೆ ಕೇಳಿ: "ಇದನ್ನು ಬೇಗ ತಗೋಬಹುದಾ?" ಅಷ್ಟೇ. ನೀವಾಗಿ ಬದಲಾಯಿಸಬೇಡಿ, ಬಿಡಬೇಡಿ.

---

ಕಹಿಬೇವು · 12:20

ಸರಿಯಾಗಿ ಹೇಳಿದ್ರಿ. ಬಿಡಬೇಡಿ, ಇಪ್ಪತ್ತೆರಡು.

---

ಮಂಗಳವಾರದವನು · ಮುಂದಿನ ಬುಧವಾರ, ರಾತ್ರಿ 9:30

ಬೋರ್ಡಿನ ವಿಷಯ ಏನಾಯ್ತು ಅಂತ ಹೇಳ್ತೀನಿ.

ನಿನ್ನೆ ಡಾಕ್ಟರು ಬರಲಿಲ್ಲ. ಮೀಟಿಂಗ್ ಅಂತೆ. ಬೇರೆಯವರೆಲ್ಲ ಬೈದುಕೊಂಡು ಹೋದರು, ನಾವು ಐದು ಜನ ಕೂತೆವು. ಬೋರ್ಡ್ ಬೇಡ ಅಂತ ತೀರ್ಮಾನ ಆಯ್ತು. ಸಿಸ್ಟರ್‌ಗೆ ಸ್ವಲ್ಪ ಬೇಜಾರಾಯ್ತು, ಆದರೆ "ಹೊಸದಾಗಿ ಬಂದವರು ಹೆದರಿಕೊಂಡು ಕೂತಿದ್ದರೆ ನಿಮ್ಮ ಪಕ್ಕ ಕೂರಿಸ್ತೀನಿ" ಅಂದರು. ಅದಕ್ಕೆ ಟೈಲರೂ ಒಪ್ಪಿದರು. ಬಿಳಿ ಸೀರೆ ಮೇಡಂ ಹೇಳಿದ ಗುಟ್ಟಿನ ನಿಯಮ, ಅದರ ವಿನಾಯಿತಿ ಎರಡನ್ನೂ ಕಂಡಕ್ಟರು ಸ್ಟಾಪಿನ ಹೆಸರು ಕೂಗುವ ಧಾಟಿಯಲ್ಲೇ ಓದಿ ಹೇಳಿದರು. ಮುಂಗಡ ನಿರ್ದೇಶನ ಶುರು ಮಾಡಿದ್ದು ಅಂಗನವಾಡಿ ಅಕ್ಕ ಒಬ್ಬರೇ. ಮೊದಲ ಸಾಲು: "ನನ್ನ ಮಗುವನ್ನು ನನ್ನ ಕಣ್ಣಿಗೆ ಕಾಣದ ಹಾಗೆ ಇಡಬೇಡಿ." ಮುಂದಕ್ಕೆ ಬರೆಯೋಕೆ ಅವರಿಗೆ ಆಗಲಿಲ್ಲ. ಇನ್ನೊಂದು ವಾರ ಬರೆಯೋಣ ಅಂದೆವು.

ಲೀಲಾ ಮೇಡಂ, ಟೈಲರನ್ನು ಕೇಳಿದೆ, ನಿಮ್ಮ ಭಾರ ಎಲ್ಲಿ ಇಳಿಸ್ತೀರಿ ಅಂತ. ಮಾತು ಹಾರಿಸಿದರು. ಮೊಮ್ಮಗಳು ಹಾಸ್ಟೆಲ್ ಸೇರಿದಳಂತೆ, ಹದಿನೈದು ದಿನ ಆಯ್ತಂತೆ. ಆ ಹದಿನೈದು ದಿನದಲ್ಲಿ ಎರಡು ಬ್ಲೌಸ್ ಮಾತ್ರ ಹೊಲಿದಿದ್ದಾರೆ. ಅದನ್ನು ನಾವು ಕೇಳೋವರೆಗೂ ಹೇಳಿರಲಿಲ್ಲ. ಮುಂದಿನ ವಾರ ಸೂಜಿ ಡಬ್ಬಿ ತನ್ನಿ ಅಂತ ಹುಡುಗ ಹೇಳಿದ. ಐದೇ ಮಾತು, ಇಡೀ ದಿನಕ್ಕೆ.

---

ಹೆಸರಿಲ್ಲ22 · ಗುರುವಾರ, ಬೆಳಿಗ್ಗೆ 7:42

ಡಾಕ್ಟರಿಗೆ ಕೇಳಿದೆ. ಎಂಟೂವರೆಗೆ ತಗೊಳ್ಳಿ, ಎರಡು ವಾರ ನೋಡೋಣ ಅಂದ್ರು. ಮೂರು ದಿನ ಆಯ್ತು. ಎರಡು ದಿನ ಏನೂ ವ್ಯತ್ಯಾಸ ಇರಲಿಲ್ಲ. ಇವತ್ತು ಏಳೂಕಾಲಿಗೆ ಎದ್ದೆ, ನಾಳೆ ಗೊತ್ತಿಲ್ಲ. ಅಪ್ಪ ಇನ್ನೂ ಮಲಗಿದ್ದರು. ಅವರ ರೂಮಿನ ಫ್ಯಾನ್ ತಿರುಗ್ತಾ ಇತ್ತು.